ಜಮ್‌ಷೆಟ್‌ಜಿ ಟಾಟಾ

ಜಮ್‌ಷೆಟ್‌ಜಿ ನಸರ್‌ವಾನ್‌ಜಿ ಟಾಟಾ (ಮಾರ್ಚ್ 3, 1839 – ಮೇ 19, 1904) ಭಾರತದ ಕೈಗಾರಿಕೋದ್ಯಮಿ, ದಾನಿ ಮತ್ತು ಟಾಟಾ ಉದ್ಯಮ ಸಮೂಹದ ಸ್ಥಾಪಕರು. ಹತ್ತಿ ಗಿರಣಿಗಳಿಂದ ಉದ್ಯಮ ಜೀವನವನ್ನು ಆರಂಭಿಸಿದ ಇವರು ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಯೋಜನೆ ಹಾಗೂ ಉನ್ನತ ವಿಜ್ಞಾನ ಶಿಕ್ಷಣ ಸಂಸ್ಥೆಗಳ ಕನಸು ಕಂಡರು. ಈ ಮೂರೂ ಅವರ ಮರಣಾನಂತರ ನನಸಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರ ದತ್ತಿಯಿಂದ ಹುಟ್ಟಿದ್ದು. ಉದ್ಯಮವು ತಾನು ಗಳಿಸಿದ್ದರಲ್ಲಿ ಒಂದು ಪಾಲನ್ನು ಸಮಾಜಕ್ಕೆ ಹಿಂದಿರುಗಿಸಬೇಕು ಎಂಬ ವಿಚಾರಕ್ಕೆ ಭಾರತದಲ್ಲಿ ಸಾಂಸ್ಥಿಕ ರೂಪ ಕೊಟ್ಟವರಲ್ಲಿ ಇವರು ಮೊದಲಿಗರ ಸಾಲಿಗೆ ಸೇರುತ್ತಾರೆ. ಪ್ರತಿಭಾವಂತ ಯುವಜನರ ಉನ್ನತ ವ್ಯಾಸಂಗಕ್ಕೆ ಸಾಲ ನೀಡಿ, ಮರಳಿ ಬಂದ ಹಣವನ್ನು ಮುಂದಿನ ವಿದ್ಯಾರ್ಥಿಗಳಿಗೆ ಒದಗಿಸುವ ಅವರ 1892ರ ದತ್ತಿ ಇಂದಿಗೂ ನಡೆಯುತ್ತಿದೆ.

ಜನನ ಮತ್ತು ಶಿಕ್ಷಣ

ಜಮ್‌ಷೆಟ್‌ಜಿ ಅವರು ಗುಜರಾತಿನ ನವಸಾರಿಯಲ್ಲಿ ಪಾರ್ಸಿ ಪುರೋಹಿತ ಮನೆತನದಲ್ಲಿ ಜನಿಸಿದರು. ನವಸಾರಿ ಆಗ ಬರೋಡಾ ಸಂಸ್ಥಾನಕ್ಕೆ ಸೇರಿತ್ತು. ತಂದೆ ನಸರ್‌ವಾನ್‌ಜಿ, ತಾಯಿ ಜೀವನ್‌ಬಾಯಿ. ತಲೆಮಾರುಗಳಿಂದ ಬಂದ ಪೌರೋಹಿತ್ಯವನ್ನು ಬಿಟ್ಟು ವ್ಯಾಪಾರಕ್ಕೆ ಇಳಿದವರಲ್ಲಿ ನಸರ್‌ವಾನ್‌ಜಿ ಆ ಮನೆತನದ ಮೊದಲಿಗರು. ಅವರು ಮುಂಬಯಿಗೆ ಹೋಗಿ ವ್ಯಾಪಾರದಲ್ಲಿ ನೆಲೆ ಕಂಡುಕೊಂಡರು. ಜಮ್‌ಷೆಟ್‌ಜಿ ಸುಮಾರು 14ನೆಯ ವಯಸ್ಸಿನಲ್ಲಿ ತಂದೆಯ ಬಳಿಗೆ ಬಂದು, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ವ್ಯಾಸಂಗ ಮುಗಿಸಿದರು. ಓದಿನ ಹವ್ಯಾಸ ಅವರಲ್ಲಿ ಕೊನೆಯವರೆಗೂ ಉಳಿಯಿತು. ಅವರು ಹೀರಾಬಾಯಿ ಡಾಬೂ ಅವರನ್ನು ವಿವಾಹವಾದರು. ಈ ದಂಪತಿಗಳ ಪುತ್ರರಾದ ದೊರಾಬ್‌ಜಿ (ಜನನ 1859) ಮತ್ತು ರತನ್‌ಜಿ (ಜನನ 1871) ಮುಂದೆ ತಂದೆಯ ಯೋಜನೆಗಳನ್ನು ಪೂರೈಸಿದರು.

ವ್ಯಾಪಾರದ ಆರಂಭ ಮತ್ತು ಕುಸಿತ

ವ್ಯಾಸಂಗ ಮುಗಿದೊಡನೆ ತಂದೆಯ ವ್ಯಾಪಾರ ಸಂಸ್ಥೆಯನ್ನು ಸೇರಿದ ಜಮ್‌ಷೆಟ್‌ಜಿ 1859ರಲ್ಲಿ ಹಾಂಗ್‌ಕಾಂಗ್‌ಗೆ ತೆರಳಿದರು. ಆ ಕಾಲದ ಮುಂಬಯಿಯ ಅನೇಕ ವರ್ತಕ ಸಂಸ್ಥೆಗಳಂತೆ ಟಾಟಾ ಕುಟುಂಬವೂ ಚೀನಾದೊಡನೆ ಹತ್ತಿ ಮತ್ತು ಅಫೀಮಿನ ವ್ಯಾಪಾರ ನಡೆಸುತ್ತಿತ್ತು.

1861ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿಯ ಪೂರೈಕೆ ಕಡಿಮೆಯಾಯಿತು. ಭಾರತದ ಹತ್ತಿಯ ಬೆಲೆ ವಿಪರೀತವಾಗಿ ಏರಿತು. ಮುಂಬಯಿಯಲ್ಲಿ ಸಟ್ಟಾ ವ್ಯವಹಾರ ಮಿತಿಮೀರಿ ಬೆಳೆಯಿತು. ಈ ಏರಿಕೆಯ ಕಾಲದಲ್ಲಿ ಜಮ್‌ಷೆಟ್‌ಜಿ ಲಂಡನ್ನಿಗೆ ಹೋದರು. 1865ರಲ್ಲಿ ಯುದ್ಧ ಮುಗಿದಾಗ ಹತ್ತಿಯ ಬೆಲೆ ಕುಸಿದು ಮುಂಬಯಿಯ ಅನೇಕ ಮನೆತನಗಳು ದಿವಾಳಿಯಾದವು. ಜಮ್‌ಷೆಟ್‌ಜಿ ತಮ್ಮೊಡನೆ ಒಯ್ದಿದ್ದ ಹುಂಡಿಗಳು ಬೆಲೆ ಕಳೆದುಕೊಂಡವು. ಅವರು ಸಾಲ ಕೊಟ್ಟವರ ಮುಂದೆ ನಿಂತು ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿದ ಅವರು ವ್ಯವಹಾರವನ್ನು ಇತ್ಯರ್ಥಗೊಳಿಸುವ ಹೊಣೆಯನ್ನು ಅವರಿಗೇ ವಹಿಸಿದರೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಅಬಿಸೀನಿಯಾದ ದಂಡಯಾತ್ರೆಗೆ ಹೊರಟ ಬ್ರಿಟಿಷ್ ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಗುತ್ತಿಗೆಯಲ್ಲಿ ತಂದೆ ಪಾಲುದಾರರಾದ ಮೇಲೆ ಕುಟುಂಬ ಚೇತರಿಸಿಕೊಂಡಿತು. 1868ರಲ್ಲಿ ಜಮ್‌ಷೆಟ್‌ಜಿ 21,000 ರೂಪಾಯಿಗಳ ಬಂಡವಾಳದೊಂದಿಗೆ ಸ್ವಂತ ವ್ಯಾಪಾರ ಸಂಸ್ಥೆಯನ್ನು ತೆರೆದರು. ಟಾಟಾ ಸಮೂಹದ ಇತಿಹಾಸವನ್ನು ಈ ವರ್ಷದಿಂದ ಎಣಿಸಲಾಗುತ್ತದೆ.

ಗಿರಣಿಗಳು ಮತ್ತು ಕಾರ್ಮಿಕ ಕಲ್ಯಾಣ

1869ರಲ್ಲಿ ಮುಂಬಯಿಯ ಚಿಂಚ್‌ಪೋಕ್ಲಿಯಲ್ಲಿ ದಿವಾಳಿಯಾಗಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಹತ್ತಿ ಗಿರಣಿಯನ್ನಾಗಿ ಪರಿವರ್ತಿಸಿದರು. ಅಲೆಕ್ಸಾಂಡ್ರಾ ಮಿಲ್ ಎಂದು ಹೆಸರಾದ ಇದನ್ನು ಎರಡು ವರ್ಷಗಳ ನಂತರ ಲಾಭಕ್ಕೆ ಮಾರಿ, ಲ್ಯಾಂಕಾಷೈರಿಗೆ ಹೋಗಿ ಅಲ್ಲಿನ ಹತ್ತಿ ಉದ್ಯಮವನ್ನು ಹತ್ತಿರದಿಂದ ಅಭ್ಯಸಿಸಿದರು.

ಹೊಸ ಗಿರಣಿಗೆ ಎಲ್ಲರೂ ಮುಂಬಯಿಯನ್ನು ಆರಿಸುತ್ತಿದ್ದ ಕಾಲದಲ್ಲಿ ಜಮ್‌ಷೆಟ್‌ಜಿ ನಾಗಪುರವನ್ನು ಆರಿಸಿದರು. ಹತ್ತಿ ಬೆಳೆಯುವ ಪ್ರದೇಶ, ರೈಲುಮಾರ್ಗ ಮತ್ತು ಕಲ್ಲಿದ್ದಲು ಮೂರೂ ಅಲ್ಲಿಗೆ ಹತ್ತಿರದಲ್ಲಿದ್ದವು. 1874ರಲ್ಲಿ ಕಂಪನಿ ಸ್ಥಾಪನೆಯಾಯಿತು. ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಘೋಷಿಸಿದ ದಿನವಾದ 1877ರ ಜನವರಿ 1ರಂದು ಎಂಪ್ರೆಸ್ ಮಿಲ್ ಆರಂಭವಾಯಿತು. ರೈಲ್ವೆಯಲ್ಲಿ ಕೆಲಸ ಮಾಡಿದ್ದ ಬೆಜೊನ್‌ಜಿ ದಾದಾಭಾಯಿ ಮೆಹ್ತಾ ಅವರನ್ನು ವ್ಯವಸ್ಥಾಪಕರನ್ನಾಗಿ ನೇಮಿಸಲಾಯಿತು. ಅವರಿಗೆ ಗಿರಣಿಯ ಅನುಭವವಿರಲಿಲ್ಲ. ಅನುಭವಕ್ಕಿಂತ ಯೋಗ್ಯತೆಯನ್ನು ನೋಡಿ ಜನರನ್ನು ಆರಿಸಿ, ಅವರಿಗೆ ಕಲಿಯಲು ಅವಕಾಶ ಕೊಟ್ಟು ಬೆಳೆಸುವುದು ಜಮ್‌ಷೆಟ್‌ಜಿ ಅವರ ಪದ್ಧತಿಯಾಗಿತ್ತು. ರಿಂಗ್ ಕದಿರುಗಳನ್ನು ಭಾರತದಲ್ಲಿ ಬಳಕೆಗೆ ತಂದ ಮೊದಲ ಗಿರಣಿಗಳಲ್ಲಿ ಎಂಪ್ರೆಸ್ ಮಿಲ್ ಒಂದು.

ಆರಂಭದಲ್ಲಿ ಗಿರಣಿಗೆ ಕೆಲಸಗಾರರ ಗೈರುಹಾಜರಿ ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕೆ ದಂಡ ವಿಧಿಸುವುದಕ್ಕಿಂತ ಕೆಲಸದ ಸ್ಥಿತಿಯನ್ನು ಸುಧಾರಿಸುವುದು ಮೇಲೆಂದು ಅವರು ನಿರ್ಧರಿಸಿದರು. ಗಿರಣಿಯೊಳಗಿನ ಗಾಳಿಯ ತೇವಾಂಶವನ್ನು ಕಾಯುವ ಉಪಕರಣಗಳನ್ನೂ ಬೆಂಕಿ ನಂದಿಸುವ ತುಂತುರು ನೀರಿನ ವ್ಯವಸ್ಥೆಯನ್ನೂ ಅಳವಡಿಸಿದರು. 1886ರಲ್ಲಿ ಪಿಂಚಣಿ ನಿಧಿಯನ್ನು ಸ್ಥಾಪಿಸಿದರು. 1895ರಿಂದ ಅಪಘಾತಕ್ಕೆ ಒಳಗಾದ ಕಾರ್ಮಿಕರಿಗೆ ಪರಿಹಾರ ಕೊಡತೊಡಗಿದರು. ಕಾರ್ಮಿಕರ ಕುಟುಂಬಗಳಿಗಾಗಿ ಕ್ರೀಡಾ ದಿನಗಳು ನಡೆದವು, ಉತ್ತಮ ಕೆಲಸಗಾರರಿಗೆ ಬಹುಮಾನಗಳು ಸಂದವು. ಕಾರ್ಮಿಕರಿಗೆ ಅಪಘಾತ ಪರಿಹಾರವನ್ನು ಭಾರತದಲ್ಲಿ ಕಾನೂನು ಕಡ್ಡಾಯ ಮಾಡಿದ್ದು 1923ರಲ್ಲಿ. ಅದಕ್ಕಿಂತ ಸುಮಾರು ಮೂರು ದಶಕ ಮೊದಲೇ ಈ ಗಿರಣಿ ಅದನ್ನು ಸ್ವಂತ ಇಚ್ಛೆಯಿಂದ ಕೈಗೊಂಡಿತ್ತು. ಈ ಕ್ರಮಗಳನ್ನು ಅವರು ಧರ್ಮಕಾರ್ಯವೆಂದು ಬಗೆಯಲಿಲ್ಲ. ಕಾರ್ಮಿಕರ ಆರೋಗ್ಯ ಮತ್ತು ಕ್ಷೇಮವು ಉದ್ಯಮದ ಏಳಿಗೆಗೆ ಅಡಿಪಾಯವೆಂಬುದು ಅವರ ನಿಲುವಾಗಿತ್ತು.

1886ರಲ್ಲಿ ಕುರ್ಲಾದ ಧರಮ್ಸಿ ಗಿರಣಿಯನ್ನು ಕೊಂಡು ಸ್ವದೇಶಿ ಮಿಲ್ ಎಂದು ಹೆಸರಿಟ್ಟರು. ಹಳೆಯದಾಗಿದ್ದ ಈ ಗಿರಣಿ ಕೆಲಕಾಲ ನಷ್ಟಕ್ಕೆ ಸಿಲುಕಿತು. ಅವರು ಸ್ವಂತ ಹಣವನ್ನು ತೊಡಗಿಸಿ ಅದನ್ನು ಮೇಲೆತ್ತಿದರು. ದೂರಪ್ರಾಚ್ಯಕ್ಕೆ ಹೋಗುವ ಸರಕಿಗೆ ಬ್ರಿಟಿಷ್ ಹಡಗು ಕಂಪನಿಗಳು ವಿಧಿಸುತ್ತಿದ್ದ ಅಧಿಕ ಬಾಡಿಗೆಯನ್ನು ಎದುರಿಸಲು ಜಪಾನಿನ ಹಡಗು ಕಂಪನಿಯೊಂದರ ಸಹಕಾರದಿಂದ ಟಾಟಾ ಲೈನ್ ಎಂಬ ಹಡಗು ಸೇವೆಯನ್ನು ಆರಂಭಿಸಿದರು. ಎದುರಾಳಿಗಳು ಬಾಡಿಗೆಯನ್ನು ತೀವ್ರವಾಗಿ ಇಳಿಸಿದ್ದರಿಂದ ಈ ಯತ್ನ ವಿಫಲವಾಯಿತು.

1892ರ ವಿದ್ಯಾರ್ಥಿ ದತ್ತಿ

1892ರಲ್ಲಿ ಜಮ್‌ಷೆಟ್‌ಜಿ ಭಾರತೀಯರ ಉನ್ನತ ಶಿಕ್ಷಣಕ್ಕಾಗಿ ಜೆ. ಎನ್. ಟಾಟಾ ದತ್ತಿಯನ್ನು ಸ್ಥಾಪಿಸಿದರು. ಮೊದಲು ಪಾರ್ಸಿ ಸಮುದಾಯಕ್ಕೆ ಸೀಮಿತವಾಗಿದ್ದ ಈ ನೆರವು 1894ರಿಂದ ಎಲ್ಲ ಜಾತಿ, ಮತಗಳ ಭಾರತೀಯರಿಗೂ ತೆರೆದುಕೊಂಡಿತು. ನೆರವು ಪಡೆದ ಮೊದಲಿಗರಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಹೊರಟ ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ್ ಎಂಬ ಇಬ್ಬರು ಮಹಿಳೆಯರಿದ್ದರು. ಹೆಣ್ಣುಮಕ್ಕಳ ಪ್ರಾಥಮಿಕ ಶಿಕ್ಷಣವೇ ವಿರಳವಾಗಿದ್ದ ಆ ಕಾಲಕ್ಕೆ ಇದು ಗಮನಾರ್ಹ ಸಂಗತಿ.

ದತ್ತಿಯ ವಿಶೇಷವೆಂದರೆ ಹಣವನ್ನು ದಾನವಾಗಿ ಕೊಡದೆ ಸಾಲವಾಗಿ ಕೊಡುತ್ತಿದ್ದುದು. ಆಯ್ಕೆಯಾದ ವಿದ್ಯಾರ್ಥಿ ವಿದೇಶದಲ್ಲಿ ವ್ಯಾಸಂಗ ಮುಗಿಸಿ ಸಂಪಾದನೆ ಆರಂಭಿಸಿದ ಮೇಲೆ ಅಲ್ಪ ಬಡ್ಡಿಯೊಡನೆ ಅದನ್ನು ತೀರಿಸಬೇಕಾಗಿತ್ತು. ಹಾಗೆ ಮರಳಿದ ಹಣ ಮತ್ತೊಬ್ಬ ವಿದ್ಯಾರ್ಥಿಗೆ ಸಲ್ಲುತ್ತಿತ್ತು. ಇದರಿಂದ ಎರಡು ಉದ್ದೇಶಗಳು ನೆರವೇರಿದವು. ನೆರವು ಪಡೆದವರ ಆತ್ಮಗೌರವಕ್ಕೆ ಕುಂದು ಬರಲಿಲ್ಲ. ಮೂಲಧನ ಕರಗದೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿಯಿತು. ತಾನು ಪಡೆದ ನೆರವನ್ನು ತನಗೆ ಪರಿಚಯವೇ ಇಲ್ಲದ ಕಿರಿಯನೊಬ್ಬನಿಗೆ ದಾಟಿಸುವ ಹೊಣೆ ಹೀಗೆ ಪ್ರತಿ ವಿದ್ಯಾರ್ಥಿಯ ಪಾಲಿಗೂ ಬಂದಿತು.

ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿದ್ದ ಕಾಲದಲ್ಲಿ ಭಾರತೀಯ ಯುವಕರಿಗೆ ಆಡಳಿತದ ಉನ್ನತ ಹುದ್ದೆಗಳ ಬಾಗಿಲು ತೆರೆಯಲು ಈ ದತ್ತಿ ನೆರವಾಯಿತು. 1924ರ ವೇಳೆಗೆ ಆ ಸೇವೆಗೆ ಸೇರುತ್ತಿದ್ದ ಪ್ರತಿ ಐವರು ಭಾರತೀಯರಲ್ಲಿ ಇಬ್ಬರು ಟಾಟಾ ವಿದ್ಯಾರ್ಥಿಗಳಾಗಿದ್ದರು. ಮುಂದೆ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್, ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಹಾಗೂ ಕರ್ನಾಟಕದ ತುಮಕೂರು ಜಿಲ್ಲೆಯಲ್ಲಿ ಜನಿಸಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಈ ನೆರವು ಪಡೆದವರಲ್ಲಿ ಸೇರಿದ್ದಾರೆ.

ದಾನದ ಕುರಿತ ನಿಲುವು

ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವ ಸಾಂಪ್ರದಾಯಿಕ ದಾನವನ್ನು ಜಮ್‌ಷೆಟ್‌ಜಿ ಅಲ್ಲಗಳೆಯಲಿಲ್ಲ. ಆದರೆ ರಾಷ್ಟ್ರವೊಂದು ಮುಂದುವರಿಯಬೇಕಾದರೆ ಅತ್ಯಂತ ಪ್ರತಿಭಾವಂತರನ್ನು ಗುರುತಿಸಿ ಬೆಳೆಸಬೇಕು, ಅವರ ಮೂಲಕ ಇಡೀ ಸಮಾಜಕ್ಕೆ ಪ್ರಯೋಜನವಾಗಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಈ ನಿಲುವಿಗೆ ಇನ್ನೊಂದು ಮುಖವೂ ಇದೆ. ಅಕ್ಷರವನ್ನೇ ಕಾಣದ ಬಹುಸಂಖ್ಯಾತ ಬಡವರನ್ನು ಇಂತಹ ದತ್ತಿ ನೇರವಾಗಿ ತಲುಪುವುದಿಲ್ಲ. ಪ್ರಾಥಮಿಕ ಶಿಕ್ಷಣ ಮೊದಲೋ ಉನ್ನತ ಶಿಕ್ಷಣ ಮೊದಲೋ ಎಂಬ ಪ್ರಶ್ನೆ ಭಾರತದ ಶಿಕ್ಷಣ ನೀತಿಯ ಚರ್ಚೆಯಲ್ಲಿ ನಂತರವೂ ಮರಳಿ ಮರಳಿ ಬಂದಿದೆ.

ಭಾರತೀಯ ವಿಜ್ಞಾನ ಸಂಸ್ಥೆ

ವಿದೇಶಕ್ಕೆ ಹೋಗಿ ಬರುವ ಕೆಲವರಿಂದಷ್ಟೇ ದೇಶದ ಅಗತ್ಯ ಪೂರೈಸದೆಂದು ಮನಗಂಡ ಜಮ್‌ಷೆಟ್‌ಜಿ, ಸಂಶೋಧನೆಗೆ ಮೀಸಲಾದ ವಿಶ್ವವಿದ್ಯಾಲಯವೊಂದು ಭಾರತದಲ್ಲೇ ಇರಬೇಕೆಂದು ಬಯಸಿದರು. ತಮ್ಮ ಆಶ್ರಯ ಮತ್ತು ಮಾರ್ಗದರ್ಶನದಲ್ಲಿ ಬೆಳೆದಿದ್ದ ತರುಣ ವಿದ್ವಾಂಸ ಬರ್ಜೋರ್‌ಜಿ ಪಾದಶಾ ಅವರನ್ನು ವಿದೇಶಗಳ ವಿಶ್ವವಿದ್ಯಾಲಯಗಳ ಅಧ್ಯಯನಕ್ಕೆ ಕಳುಹಿಸಿದರು. ಸುಮಾರು ಒಂದೂವರೆ ವರ್ಷ ಸಂಚರಿಸಿದ ಪಾದಶಾ ಅವರ ವರದಿ ಯೋಜನೆಗೆ ಆಧಾರವಾಯಿತು.

ಜಮ್‌ಷೆಟ್‌ಜಿ ಮುಂಬಯಿಯ 14 ಕಟ್ಟಡಗಳನ್ನೂ 4 ಭೂ ಆಸ್ತಿಗಳನ್ನೂ ಸಂಸ್ಥೆಗೆ ಮೀಸಲಿಟ್ಟರು. ಇವುಗಳ ಮೌಲ್ಯ ಸುಮಾರು 30 ಲಕ್ಷ ರೂಪಾಯಿ. ಇದು ಅವರ ಸ್ವಂತ ಸಂಪತ್ತಿನ ಅರ್ಧದಷ್ಟಿತ್ತೆಂದು ಅಂದಾಜಿಸಲಾಗಿದೆ. 1898ರ ಡಿಸೆಂಬರ್ 31ರಂದು, ಹೊಸದಾಗಿ ಬಂದಿಳಿದ ವೈಸ್‌ರಾಯ್ ಲಾರ್ಡ್ ಕರ್ಜನ್ ಅವರ ಮುಂದೆ ಯೋಜನೆಯನ್ನು ಮಂಡಿಸಲಾಯಿತು. ಇಷ್ಟು ಉನ್ನತ ಮಟ್ಟದ ವ್ಯಾಸಂಗಕ್ಕೆ ವಿದ್ಯಾರ್ಥಿಗಳು ದೊರೆಯುವರೇ, ಕಲಿತವರಿಗೆ ಉದ್ಯೋಗ ಸಿಗುವುದೇ ಎಂಬ ಸಂದೇಹಗಳನ್ನು ಕರ್ಜನ್ ವ್ಯಕ್ತಪಡಿಸಿದರು. ಇದಕ್ಕೆ ಸ್ವಲ್ಪ ಮೊದಲು, ನವೆಂಬರ್ 23ರಂದು, ಜಮ್‌ಷೆಟ್‌ಜಿ ಸ್ವಾಮಿ ವಿವೇಕಾನಂದರಿಗೆ ಪತ್ರ ಬರೆದು ಈ ಕಾರ್ಯದಲ್ಲಿ ಅವರ ಬೆಂಬಲವನ್ನು ಕೋರಿದ್ದರು. 1893ರಲ್ಲಿ ಜಪಾನಿನಿಂದ ಉತ್ತರ ಅಮೆರಿಕಕ್ಕೆ ಹೋಗುವ ಹಡಗಿನಲ್ಲಿ ಇಬ್ಬರೂ ಸಹಪ್ರಯಾಣಿಕರಾಗಿದ್ದರು.

ಸರ್ಕಾರದ ಆಹ್ವಾನದ ಮೇರೆಗೆ 1900ರಲ್ಲಿ ಭಾರತಕ್ಕೆ ಬಂದ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಸಂಸ್ಥೆಗೆ ಬೆಂಗಳೂರು ಸೂಕ್ತ ಸ್ಥಳವೆಂದು ಶಿಫಾರಸು ಮಾಡಿದರು. ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮತ್ತು ದಿವಾನ ಕೆ. ಶೇಷಾದ್ರಿ ಅಯ್ಯರ್ ಯೋಜನೆಗೆ ಬೆಂಬಲ ನೀಡಿದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸಂಸ್ಥಾನವು 371 ಎಕರೆ ಭೂಮಿಯನ್ನೂ ಕಟ್ಟಡಗಳಿಗೆ 5 ಲಕ್ಷ ರೂಪಾಯಿಗಳನ್ನೂ ವಾರ್ಷಿಕ 50,000 ರೂಪಾಯಿಗಳ ಅನುದಾನವನ್ನೂ ಒದಗಿಸಿತು. ಸರ್ಕಾರದ ಅಂತಿಮ ಆದೇಶ ಹೊರಬಿದ್ದದ್ದು 1909ರ ಮೇ 27ರಂದು. ಅಷ್ಟರಲ್ಲಿ ಜಮ್‌ಷೆಟ್‌ಜಿ ತೀರಿಕೊಂಡು ಐದು ವರ್ಷಗಳಾಗಿದ್ದವು. 1911ರಲ್ಲಿ ಮಾರಿಸ್ ಟ್ರಾವರ್ಸ್ ನಿರ್ದೇಶಕತ್ವದಲ್ಲಿ ವಿದ್ಯಾರ್ಥಿಗಳ ಪ್ರವೇಶ ಆರಂಭವಾಯಿತು.

ಸಂಸ್ಥೆಗೆ ತಮ್ಮ ಹೆಸರಿಡುವುದನ್ನು ಜಮ್‌ಷೆಟ್‌ಜಿ ಬಯಸಿರಲಿಲ್ಲ. ಅಧಿಕೃತ ಹೆಸರಿನಲ್ಲಿ ಟಾಟಾ ಎಂಬ ಪದವಿಲ್ಲದಿದ್ದರೂ ಬೆಂಗಳೂರಿನ ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಉಳಿದುಕೊಂಡಿತು.

ಕರ್ನಾಟಕದೊಡನೆ ಇತರ ನಂಟು

ಮೈಸೂರು ಸೀಮೆಯಲ್ಲಿ ಕ್ಷೀಣಿಸಿದ್ದ ರೇಷ್ಮೆ ಉದ್ಯಮವನ್ನು ಪುನಶ್ಚೇತನಗೊಳಿಸಲು ಜಮ್‌ಷೆಟ್‌ಜಿ 19ನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೇಷ್ಮೆ ಕೇಂದ್ರವೊಂದನ್ನು ತೆರೆದು ಜಪಾನಿನಿಂದ ತಜ್ಞರನ್ನು ಕರೆಸಿದರು. ಹುಳು ಸಾಕಣೆ ಮತ್ತು ನೂಲು ಬಿಚ್ಚುವ ಜಪಾನಿ ವಿಧಾನಗಳನ್ನು ಸ್ಥಳೀಯರಿಗೆ ಕಲಿಸುವುದು ಅದರ ಉದ್ದೇಶವಾಗಿತ್ತು. ಕೇಂದ್ರವನ್ನು ನಂತರ ಸಾಲ್ವೇಶನ್ ಆರ್ಮಿಗೆ ವಹಿಸಲಾಯಿತು. ಬಸವನಗುಡಿಯ ಸಮೀಪದ ಟಾಟಾ ಸಿಲ್ಕ್ ಫಾರ್ಮ್ ಬಡಾವಣೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1927ರಿಂದ 1955ರವರೆಗೆ ಟಾಟಾ ಉಕ್ಕು ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದರು.

ಉಕ್ಕು, ವಿದ್ಯುತ್ ಮತ್ತು ತಾಜ್ ಹೋಟೆಲ್

1882ರಲ್ಲಿ ಮಧ್ಯಪ್ರಾಂತ್ಯದ ಚಾಂದಾ ಜಿಲ್ಲೆಯ ಕಬ್ಬಿಣದ ಅದಿರಿನ ಕುರಿತ ವರದಿಯೊಂದನ್ನು ಓದಿದಾಗಿನಿಂದ ಉಕ್ಕಿನ ಕಾರ್ಖಾನೆಯ ಯೋಚನೆ ಜಮ್‌ಷೆಟ್‌ಜಿ ಅವರ ಮನಸ್ಸಿನಲ್ಲಿ ಬೇರೂರಿತ್ತು. ಗಣಿ ನಿಯಮಗಳು ಸಡಿಲಗೊಂಡ ಬಳಿಕ ಅವರು 1902ರಲ್ಲಿ ಅಮೆರಿಕಕ್ಕೆ ಹೋಗಿ ತಜ್ಞರನ್ನು ಭೇಟಿಯಾದರು. ಕಾರ್ಖಾನೆಯ ಸ್ಥಳ ಗೊತ್ತಾಗುವ ಎಷ್ಟೋ ಮೊದಲೇ, ಅದೇ ವರ್ಷ, ದೊರಾಬ್‌ಜಿಗೆ ಪತ್ರ ಬರೆದು ಕಾರ್ಮಿಕರ ಪಟ್ಟಣ ಹೇಗಿರಬೇಕೆಂದು ವಿವರಿಸಿದರು. ಅಗಲವಾದ ಬೀದಿಗಳು, ನೆರಳಿನ ಮರಗಳು, ತೋಟಗಳು, ಆಟದ ಮೈದಾನಗಳು ಮತ್ತು ಎಲ್ಲ ಮತಗಳ ಪ್ರಾರ್ಥನಾ ಸ್ಥಳಗಳು ಆ ಪಟ್ಟಣದಲ್ಲಿ ಇರಬೇಕೆಂಬುದು ಅವರ ಸೂಚನೆಯಾಗಿತ್ತು. 1904ರಲ್ಲಿ ಭೂವಿಜ್ಞಾನಿ ಪಿ. ಎನ್. ಬೋಸ್ ಮಯೂರ್‌ಭಂಜ್ ಸಂಸ್ಥಾನದ ಅದಿರಿನ ಬಗ್ಗೆ ಮಾಹಿತಿ ನೀಡಿದ್ದು ನಿರ್ಣಾಯಕವಾಯಿತು. 1907ರಲ್ಲಿ ಕಂಪನಿ ನೋಂದಣಿಯಾಗಿ, 1912ರ ಫೆಬ್ರವರಿಯಲ್ಲಿ ಸಾಕ್ಚಿಯಲ್ಲಿ ಉಕ್ಕಿನ ಉತ್ಪಾದನೆ ಆರಂಭವಾಯಿತು. ಎಂಟು ಗಂಟೆಗಳ ಕೆಲಸದ ಅವಧಿ ಅಲ್ಲಿ 1912ರಲ್ಲೇ ಜಾರಿಗೆ ಬಂದಿತು. 1919ರಲ್ಲಿ ಸಾಕ್ಚಿಗೆ ಜಮ್‌ಷೆಡ್‌ಪುರ ಎಂದು ಮರುನಾಮಕರಣ ಮಾಡಲಾಯಿತು.

ಪಶ್ಚಿಮ ಘಟ್ಟದ ಮಳೆನೀರಿನಿಂದ ಮುಂಬಯಿಗೆ ವಿದ್ಯುತ್ ಒದಗಿಸುವ ಅವರ ಯೋಜನೆ 1915ರಲ್ಲಿ ಖೋಪೋಲಿಯ ವಿದ್ಯುದಾಗಾರದ ಮೂಲಕ ಸಾಕಾರವಾಯಿತು. ಅವರ ದೊಡ್ಡ ಕನಸುಗಳಲ್ಲಿ ಅವರ ಜೀವಿತಕಾಲದಲ್ಲೇ ಪೂರ್ಣಗೊಂಡದ್ದು ಮುಂಬಯಿಯ ತಾಜ್ ಮಹಲ್ ಹೋಟೆಲ್ ಒಂದೇ. ಅದು 1903ರ ಡಿಸೆಂಬರ್ 16ರಂದು ತೆರೆಯಿತು.

ನಿಧನ

1904ರಲ್ಲಿ ಆರೋಗ್ಯ ಹದಗೆಟ್ಟು ಚಿಕಿತ್ಸೆಗಾಗಿ ಯುರೋಪಿಗೆ ತೆರಳಿದ ಜಮ್‌ಷೆಟ್‌ಜಿ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ನಿಧನರಾದರು. ಅವರ ಸಮಾಧಿ ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿದೆ. ಅವರ ಇಬ್ಬರು ಪುತ್ರರಿಗೂ ಬ್ರಿಟಿಷ್ ಸರ್ಕಾರದ ನೈಟ್ ಪದವಿ ದೊರೆಯಿತು. ಜಮ್‌ಷೆಟ್‌ಜಿ ಅವರಿಗೆ ಅಂತಹ ಬಿರುದು ಯಾವುದೂ ಇರಲಿಲ್ಲ.

ಪರಂಪರೆ

ತಂದೆಯ ಮಾದರಿಯನ್ನು ಪುತ್ರರು ಮುಂದುವರಿಸಿದರು. ರತನ್‌ಜಿ ಅವರು ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ನಡೆಸಿದ ಹೋರಾಟಕ್ಕೆ ಒಟ್ಟು 1.25 ಲಕ್ಷ ರೂಪಾಯಿ ನೀಡಿದರು. 1912ರಲ್ಲಿ ಲಂಡನ್ನಿನ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಬಡತನದ ಅಧ್ಯಯನಕ್ಕೆ ದತ್ತಿ ಸ್ಥಾಪಿಸಿದರು. ಪುತ್ರರಿಬ್ಬರ ಸಂಪತ್ತಿನ ಬಹುಪಾಲು ಅವರ ಹೆಸರಿನ ಟ್ರಸ್ಟ್‌ಗಳಿಗೆ ಸಂದಿತು. ಸರ್ ರತನ್ ಟಾಟಾ ಟ್ರಸ್ಟ್ 1919ರಲ್ಲಿ, ಸರ್ ದೊರಾಬ್‌ಜಿ ಟಾಟಾ ಟ್ರಸ್ಟ್ 1932ರಲ್ಲಿ ಸ್ಥಾಪನೆಯಾದವು. ಸಮೂಹದ ಮಾತೃ ಕಂಪನಿಯಾದ ಟಾಟಾ ಸನ್ಸ್‌ನ ಷೇರು ಬಂಡವಾಳದ ಶೇಕಡ 66ರಷ್ಟು ಇಂತಹ ದತ್ತಿ ಟ್ರಸ್ಟ್‌ಗಳ ಕೈಯಲ್ಲಿದೆ. ಸಮಾಜಕಾರ್ಯದ ಶಿಕ್ಷಣಕ್ಕಾಗಿ 1936ರಲ್ಲಿ ಆರಂಭವಾದ ಮುಂಬಯಿಯ ಸಂಸ್ಥೆ, 1941ರ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು 1945ರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳು ಈ ಟ್ರಸ್ಟ್‌ಗಳ ನೆರವಿನಿಂದ ಹುಟ್ಟಿದವು.

ಹಣದ ಜೊತೆಗೆ ಸಮಯ ಮತ್ತು ಕೌಶಲವನ್ನೂ ಕೊಡುವ ಪದ್ಧತಿ ಇತ್ತೀಚಿನ ದಶಕಗಳಲ್ಲಿ ಬೆಳೆದಿದೆ. ಜಮ್‌ಷೆಟ್‌ಜಿ ಅವರ ಜನ್ಮದಿನವಾದ ಮಾರ್ಚ್ 3ನ್ನು ಸಮೂಹದ ಕಂಪನಿಗಳು ಸ್ಥಾಪಕರ ದಿನವಾಗಿ ಆಚರಿಸುತ್ತವೆ. 2014ರಲ್ಲಿ ಆರಂಭವಾದ ಟಾಟಾ ಎಂಗೇಜ್ ಕಾರ್ಯಕ್ರಮದಡಿ ನೌಕರರು ಸ್ವಯಂಸೇವೆಯಲ್ಲಿ ತೊಡಗುತ್ತಾರೆ. ಅದರ ಒಂದು ವಿಭಾಗದಲ್ಲಿ ನೌಕರರು ತಮ್ಮ ವೃತ್ತಿಯ ಪರಿಣತಿಯನ್ನು ಕೆಲವು ತಿಂಗಳ ಕಾಲ ಸ್ವಯಂಸೇವಾ ಸಂಸ್ಥೆಗಳಿಗೆ ಧಾರೆಯೆರೆಯುತ್ತಾರೆ. ನಿಗದಿತ ಪ್ರಮಾಣಕ್ಕಿಂತ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆಂದು 2013ರ ಕಂಪನಿ ಕಾಯ್ದೆ ವಿಧಿಸಿದೆ. ಜಮ್‌ಷೆಟ್‌ಜಿ ಅವರ ಕಾಲದಲ್ಲಿ ಇಂತಹ ಯಾವ ಕಾನೂನೂ ಇರಲಿಲ್ಲ.

ವಿಮರ್ಶೆ

ಕುಟುಂಬದ ಆರಂಭಿಕ ಗಳಿಕೆಯಲ್ಲಿ ಅಫೀಮಿನ ವ್ಯಾಪಾರಕ್ಕೂ ಪಾಲಿತ್ತೆಂಬುದನ್ನು ಇತಿಹಾಸಕಾರರು ಎತ್ತಿ ತೋರಿಸಿದ್ದಾರೆ. ಜಮ್‌ಷೆಟ್‌ಜಿ ಅವರ ನಂತರ ಕೈಗೊಂಡ ಜಲವಿದ್ಯುತ್ ಯೋಜನೆಯೊಂದರ ಅಣೆಕಟ್ಟಿಗಾಗಿ ಭೂಮಿ ಕಳೆದುಕೊಂಡ ಪುಣೆ ಬಳಿಯ ಮುಳ್ಶಿಯ ರೈತರು 1921ರಲ್ಲಿ ಸೇನಾಪತಿ ಬಾಪಟ್ ಅವರ ನೇತೃತ್ವದಲ್ಲಿ ಸತ್ಯಾಗ್ರಹ ನಡೆಸಿದರು. ಉದ್ಯಮವು ಸಮಾಜಕ್ಕೆ ಕೊಟ್ಟದ್ದನ್ನು ಲೆಕ್ಕ ಹಾಕುವಾಗ ಸಮಾಜದಿಂದ ಪಡೆದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ವಿಮರ್ಶಕರ ವಾದ. 2021ರ ಹುರುನ್ ಪಟ್ಟಿ ಜಮ್‌ಷೆಟ್‌ಜಿ ಅವರನ್ನು ಕಳೆದ ನೂರು ವರ್ಷಗಳ ಅತಿ ದೊಡ್ಡ ದಾನಿಯೆಂದು ಹೆಸರಿಸಿ, ದಾನದ ಮೌಲ್ಯವನ್ನು 102.4 ಶತಕೋಟಿ ಡಾಲರ್ ಎಂದು ಅಂದಾಜಿಸಿತು. ಈ ಮೊತ್ತದಲ್ಲಿ ಹೆಚ್ಚಿನ ಭಾಗ ಟ್ರಸ್ಟ್‌ಗಳ ಕೈಯಲ್ಲಿರುವ ಷೇರುಗಳ ಇಂದಿನ ಬೆಲೆಯಾಗಿದ್ದು, ಅದರ ಶ್ರೇಯಸ್ಸು ಮುಂದಿನ ತಲೆಮಾರುಗಳಿಗೂ ಸಲ್ಲುತ್ತದೆ.